ಸಂತೆ ಮಾಡುವುದೆಂದರೆ ಸುಮ್ಮನೆಯೇ?



ಈ ಸಲ ಬಂದ ಪತ್ರಗಳಲ್ಲಿ ಬಾದಾಮಿಯ ಸೋದರಿಯೊಬ್ಬರ ಪತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅವರ ಮಗಳು ಇಂಜಿನಿಯರಿಂಗ್ ಮುಗಿಸಿದ್ದಾಳೆ. ಬೆಂಗಳೂರಿನಲ್ಲಿ ರೋಬೋಟು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಆದರೆ ಅದು ರೋಬೋಟು ಕಟ್ಟುವ ಕೆಲಸವಲ್ಲ. ಅದಕ್ಕೆ ಬೇಕಾದ ಬಿಡಿಭಾಗಗಳನ್ನು ಎಲ್ಲೆಲ್ಲಿಂದಲೋ ಹುಡುಕಿ, ಬೆಲೆ ಮಾತಾಡಿ, ಹೊತ್ತಿಗೆ ಸರಿಯಾಗಿ ತರಿಸುವ ಕೆಲಸ. "ಇಷ್ಟು ಓದಿಸಿದ್ದು ಸಂತಿ ಮಾಡಾಕೇನು?" ಎಂದು ಮನೆಯ ಹಿರಿಯರು ಮೂಗು ಮುರಿದಿದ್ದಾರಂತೆ. ಒಂದು ಕಡೆ ಮದುವೆಯ ಮಾತೂ ನಡೆದಿದೆ; ಅವರೂ "ಪರ್ಚೇಸ್ ಅಂದರ ಎಂಥಾ ಕೆಲಸರೀ ಅದು?" ಎಂದು ಕೇಳಿದ್ದಾರೆ. ಹುಡುಗಿಗೆ ಹೋಗುವ ಮನಸ್ಸಿದೆ. ಕಂಪನಿಗೆ ಈ ತಿಂಗಳೊಳಗೆ ಉತ್ತರ ಕೊಡಬೇಕು. "ಬೇಡ ಅನ್ನಲೋ, ಹೋಗು ಅನ್ನಲೋ ತಿಳಿಯದಾಗಿದೆ, ನೀವೇ ಒಂದು ಮಾತು ಹೇಳಿ" ಎಂದು ಬರೆದಿದ್ದಾರೆ.

ನಾನೇನು ದೊಡ್ಡ ಓದು ಓದಿದವಳಲ್ಲ. ಹುನಗುಂದದಲ್ಲಿ ಮನೆ ನಡೆಸಿಕೊಂಡಿರುವವಳು, ಹೈಸ್ಕೂಲಿಗೇ ಓದು ಮುಗಿಸಿದವಳು. ಆದರೆ ನಮ್ಮಕ್ಕನ ಮಗಳು ಆರು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಪಂಚಮಿಗೆಂದು ಬಾಗಲಕೋಟೆಗೆ ತವರಿಗೆ ಬಂದಾಗ ಎರಡು ಸಂಜೆ ಅವಳನ್ನು ಕೂಡ್ರಿಸಿಕೊಂಡು ಕೇಳಿದೆ. ತಿಳಿಯದ್ದನ್ನು ಮತ್ತೆ ಮತ್ತೆ ಕೇಳಿದೆ. ಅವಳು ಹೇಳಿದ್ದನ್ನು ನಮ್ಮ ಅಡಿಗೆಮನೆಯ ಲೆಕ್ಕಕ್ಕೆ ಹಾಕಿಕೊಂಡು ನಿಮ್ಮ ಮುಂದೆ ಇಡುತ್ತಿದ್ದೇನೆ.

ರೋಬೋಟು ಎಂದರೆ ಏನು?

ರೋಬೋಟು ಎಂದೊಡನೆ ನಮಗೆ ಸಿನಿಮಾದಲ್ಲಿ ಕಂಡ ಕಬ್ಬಿಣದ ಮನುಷ್ಯ ನೆನಪಾಗುತ್ತಾನೆ. ನಿಜವಾದ ರೋಬೋಟುಗಳಿಗೆ ಬಹಳ ಸಲ ಮುಖವೂ ಇಲ್ಲ, ಮಾತೂ ಇಲ್ಲ. ಕಾರಿನ ಕಾರ್ಖಾನೆಯಲ್ಲಿ ತಗಡಿಗೆ ಬೆಸುಗೆ ಹಾಕುವ ಒಂಟಿ ತೋಳು ಒಂದು ರೋಬೋಟು. ದೊಡ್ಡ ಗೋದಾಮಿನಲ್ಲಿ ಸಾಮಾನಿನ ಕಪಾಟು ಹೊತ್ತು ತಾನಾಗಿಯೇ ಓಡಾಡುವ ಚಪ್ಪಟೆ ಗಾಡಿ ಇನ್ನೊಂದು. ಕೇರಳದ ಜೆನ್‌ರೋಬೋಟಿಕ್ಸ್ ಎಂಬ ಕಂಪನಿಯ ತರುಣರು 2018ರಲ್ಲಿ ಹೊರತಂದ 'ಬ್ಯಾಂಡಿಕೂಟ್' ಎಂಬ ಯಂತ್ರ ಮ್ಯಾನ್‌ಹೋಲಿನೊಳಗೆ ಇಳಿದು ಹೊಲಸು ಎತ್ತುತ್ತದೆ. ಅದು ಇದ್ದಲ್ಲಿ ಒಬ್ಬ ಬಡವ ಇಳಿದು ಉಸಿರುಗಟ್ಟಿ ಸಾಯಬೇಕಾಗಿಲ್ಲ. ಆದ್ದರಿಂದ ಇದು ಬರೀ ಆಟದ ಸಾಮಾನಿನ ಮಾತಲ್ಲ.

ಇಂಥ ಒಂದು ತೋಳನ್ನು ಬಿಚ್ಚಿ ನೋಡಿದರೆ, ನಮ್ಮ ಹೆಗಲು, ಮೊಳಕೈ, ಮುಂಗೈ ಇದ್ದಂತೆ ಸಾಮಾನ್ಯವಾಗಿ ಆರು ಕೀಲುಗಳು ಇರುತ್ತವೆ. ಪ್ರತಿ ಕೀಲಿಗೂ ಒಂದು ಮೋಟಾರು. ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಕೀಲು ಮಾತ್ರ ಮೆಲ್ಲಗೆ, ಆದರೆ ಬಲವಾಗಿ ತಿರುಗಬೇಕು. ಅದಕ್ಕೆ ನಡುವೆ ಒಂದು ಗೇರಿನ ಪೆಟ್ಟಿಗೆ ಬೇಕು. ಇದನ್ನು ಅವಳು ನನಗೆ ತಿಳಿಸಿದ್ದು ನೇಕಾರರ ಮನೆಯ ಕಂಡಿಕೆ ಸುತ್ತುವ ರಾಟಿಯಿಂದ. ಇಳಕಲ್ಲಿನ ಮನೆಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಗಾಲಿಯನ್ನು ಒಂದು ಸುತ್ತು ತಿರುವಿದರೆ ಸಣ್ಣ ಕದಿರು ಹತ್ತಾರು ಸುತ್ತು ತಿರುಗುತ್ತದೆ, ನೋಡಿದ್ದೀರಲ್ಲವೇ? ರೋಬೋಟಿನ ಗೇರು ಅದರ ತಿರುವುಮುರುವು: ಮೋಟಾರು ನೂರು ಸುತ್ತು ತಿರುಗಿದರೆ ಕೀಲು ಒಂದೇ ಸುತ್ತು. ಅಲ್ಲದೆ ಎಷ್ಟು ತಿರುಗಿತೆಂದು ಅಳೆದು ಹೇಳುವ ಒಂದು ಕಣ್ಣು, ವಿದ್ಯುತ್ತು ಹೋದರೆ ತೋಳು ಧೊಪ್ಪನೆ ಬೀಳದಂತೆ ಹಿಡಿಯುವ ಬ್ರೇಕು, ಬೇರಿಂಗು, ತಂತಿ, ಚಿಪ್ಪುಗಳನ್ನು ಕೂಡಿಸಿದ ಹಲಗೆ, ಕೊನೆಗೆ ಸ್ಕ್ರೂಗಳು. ಹೀಗೆ ನೂರಾರು ಬಗೆಯ ಸಾಮಾನು.

ಇವೆಲ್ಲವನ್ನೂ ಒಂದೇ ಕಂಪನಿ ತಯಾರಿಸುವುದಿಲ್ಲ. ಆ ಗೇರುಗಳಿಗೆ ಜಪಾನಿನ ಹಾರ್ಮೋನಿಕ್ ಡ್ರೈವ್, ನಾಬ್‌ಟೆಸ್ಕೋ ಎಂಬ ಕಂಪನಿಗಳು ಹೆಸರುವಾಸಿ. ಮೋಟಾರಿನೊಳಗಿನ ಬಲವಾದ ಆಯಸ್ಕಾಂತಗಳಲ್ಲಿ ಬಹುಪಾಲು ಚೀನಾದವು. ಚಿಪ್ಪುಗಳಲ್ಲಿ ಎಷ್ಟೋ ತೈವಾನಿನಲ್ಲಿ ಆಗುತ್ತವೆ. ಎರಕದ ಭಾಗಗಳಿಗೆ ನಮ್ಮ ಬೆಳಗಾವಿಯ ಫೌಂಡ್ರಿಗಳಿವೆ. ಅವನ್ನು ಕೊರೆದು ನಯಮಾಡಲು ಬೆಂಗಳೂರಿನ ಪೀಣ್ಯದಲ್ಲಿ ಬೇಕಾದಷ್ಟು ವರ್ಕ್‌ಶಾಪುಗಳಿವೆ. ಇಷ್ಟು ದಿಕ್ಕಿನಿಂದ ಬರಬೇಕಾದ ಸಾಮಾನು ಒಂದೇ ದಿನ ಒಂದೇ ಮೇಜಿನ ಮೇಲೆ ಕೂಡಬೇಕು. ಕೂಡಿಸುವವರು ಯಾರು? ಬಾದಾಮಿಯ ಹುಡುಗಿಗೆ ಸಿಕ್ಕಿರುವ ಕೆಲಸ ಅದೇ.

ಕರದಂಟಿನ ಯಾದಿ

ಇದು ನಮಗೆ ಹೊಸದೇನಲ್ಲ. ನಮ್ಮೂರಿನ ಹತ್ತಿರದ ಅಮೀನಗಡದ ಕರದಂಟು ಯಾರಿಗೆ ಗೊತ್ತಿಲ್ಲ? ಬಾಣಂತಿಗೆ ಅದು ಔಷಧ, ಬೀಗರಿಗೆ ಉಡುಗೊರೆ. ಒಂದು ಡಬ್ಬಿ ಕರದಂಟನ್ನು ಮುಂದಿಟ್ಟುಕೊಂಡು ಸಾಮಾನು ಎಣಿಸಿರಿ. ಬೆಲ್ಲಕ್ಕೆ ನಮ್ಮ ಜಿಲ್ಲೆಯಲ್ಲೇ ಮಹಾಲಿಂಗಪುರದ ಪೇಟೆ ಇದೆ. ಕೊಬ್ಬರಿ ಎಂದರೆ ತಿಪಟೂರು. ಗೋಡಂಬಿ ಕರಾವಳಿಯ ಕಡೆಯದು, ಯಾಲಕ್ಕಿ ಮಲೆನಾಡಿನದು, ಅಂಟು ಕಾಡುಮರದ್ದು. ಬಾದಾಮಿ ಬೀಜಕ್ಕೂ ನಮ್ಮ ಬಾದಾಮಿ ಊರಿಗೂ ಹೆಸರಿನ ನಂಟಷ್ಟೇ. ಪೇಟೆಗೆ ಬರುವುದರಲ್ಲಿ ಬಹುಪಾಲು ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಇನ್ನು ಉತ್ತತ್ತಿ. ನಮ್ಮ ದೇಶಕ್ಕೆ ಬರುತ್ತಿದ್ದ ಉತ್ತತ್ತಿಯಲ್ಲಿ ಹೆಚ್ಚಿನ ಪಾಲು ಪಾಕಿಸ್ತಾನದ್ದು. 2019ರ ಫೆಬ್ರವರಿಯಲ್ಲಿ ಪುಲ್ವಾಮಾದ ದಾಳಿಯಾದ ಎರಡು ದಿನಕ್ಕೆ ಸರ್ಕಾರ ಅಲ್ಲಿಂದ ಬರುವ ಸಾಮಾನಿನ ಮೇಲೆ ನೂರಕ್ಕೆ 200ರಷ್ಟು ಸುಂಕ ಹಾಕಿತು. ಉತ್ತತ್ತಿ ದುಬಾರಿಯಾಯಿತು. 2025ರ ಮೇ ತಿಂಗಳಲ್ಲಿ ಅಲ್ಲಿಂದ ತರಿಸುವುದನ್ನೇ ಪೂರ್ತಿ ನಿಲ್ಲಿಸಲಾಯಿತು. ಎಲ್ಲಿಯದೋ ಗಡಿಯ ಮಾತು ನಮ್ಮ ಬಾಣಂತಿಯ ಡಬ್ಬಿಗೆ ಬಂತು, ನೋಡಿ!

ಈ ಸಾಮಾನಿನ ಯಾದಿಗೆ ಕಂಪನಿಯಲ್ಲಿ 'ಬಿಲ್ ಆಫ್ ಮೆಟೀರಿಯಲ್ಸ್' ಎನ್ನುತ್ತಾರಂತೆ. ಹೆಸರು ದೊಡ್ಡದು, ಕೆಲಸ ಅದೇ. ಯಾದಿಯ ಪ್ರತಿ ಸಾಲಿನ ಮುಂದೆ ನಾಲ್ಕು ಪ್ರಶ್ನೆ ಕೇಳುತ್ತೇನೆ ಎಂದು ಅವಳು ಹೇಳಿದಳು. ಆ ನಾಲ್ಕನ್ನೂ ಬರೆಯುತ್ತೇನೆ, ಮನೆಗೂ ಬರುತ್ತವೆ.

ಒಂದು: ಹೇಳಿದ ಮೇಲೆ ಬರಲು ಎಷ್ಟು ದಿನ? ಸ್ಕ್ರೂ ಇವತ್ತು ಹೇಳಿದರೆ ನಾಳೆ ಬರುತ್ತದೆ. ಒಳ್ಳೆಯ ಗೇರಿಗೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಕಡೆ ಮನೆ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ವರ್ಷಕ್ಕೊಮ್ಮೆ. ಆ ಜಾತ್ರೆಯಲ್ಲಿ ಕೆತ್ತನೆಯ ಬಾಗಿಲು, ಚೌಕಟ್ಟು ಆರಿಸಿ ತರಬೇಕೆಂದು ಮನಸ್ಸು ಮಾಡಿದವರು ಗೋಡೆ ಏಳುವ ಮೊದಲೇ ಅಳತೆ ಹಿಡಿದು ಹೋಗಿರುತ್ತಾರೆ. ಗೋಡೆ ಎದ್ದ ಮೇಲೆ ಬಾಗಿಲು ನೆನೆಸಿಕೊಂಡರೆ ಮುಂದಿನ ಬನದ ಹುಣ್ಣಿಮೆಯವರೆಗೆ ತಟ್ಟಿ ಕಟ್ಟಿಕೊಂಡಿರಬೇಕು. ಯಾವುದು ತಡವಾಗಿ ಬರುತ್ತದೋ ಅದನ್ನು ಮೊದಲು ಹೇಳಬೇಕು. ಇದು ಮೊದಲ ಸೂತ್ರ.

ಎರಡು: ಕಡಿಮೆಯೆಂದರೆ ಎಷ್ಟು ಕೊಳ್ಳಬೇಕು? ಸಣ್ಣ ಕಂಪನಿಗೆ ಬೇಕಾದದ್ದು ಐವತ್ತು ಚಿಪ್ಪು. ಮಾರುವವನು ಸಾವಿರಾರು ಚಿಪ್ಪಿನ ಸುರುಳಿಯನ್ನೇ ಕೊಳ್ಳು ಎನ್ನುತ್ತಾನೆ. ದೊಡ್ಡ ಕಂಪನಿಗೆ ಅದು ಲೆಕ್ಕವಲ್ಲ; ಸಣ್ಣವರಿಗೆ ಅಷ್ಟೂ ದುಡ್ಡು ಕಪಾಟಿನಲ್ಲಿ ಕೂತಂತೆ. ಒಂದೇ ಸೀರೆಗೆ ಆಗುವಷ್ಟು ಎಳೆಗೆ ಬೇಕಾದ ಬಣ್ಣ ಹಾಕಿಸುವುದು ಎಷ್ಟು ಕಷ್ಟ ಎಂದು ಇಳಕಲ್ಲಿನ ನೇಕಾರರನ್ನು ಕೇಳಿ ನೋಡಿ. ಆಗ ಇಬ್ಬರು ಮೂವರು ಕೂಡಿ ತರಿಸಿ ಹಂಚಿಕೊಳ್ಳುವ ದಾರಿ ಹುಡುಕಬೇಕಾಗುತ್ತದೆ.

ಮೂರು: ಇದನ್ನು ಕೊಡುವವರು ಎಷ್ಟು ಜನ? ಒಬ್ಬನೇ ಇದ್ದರೆ ಎಚ್ಚರ. ಇದರ ಮಾತು ಮುಂದೆ ವಿವರವಾಗಿ ಬರುತ್ತದೆ.

ನಾಲ್ಕು: ಮಾಲು ಖರೆಯದೋ, ಖೊಟ್ಟಿಯೋ? ಬರ ಬಂದಾಗ ಕಲಬೆರಕೆ ಹೆಚ್ಚು. ಚಿಪ್ಪಿಗೆ ಬರ ಬಂದಾಗ ಹಳೆಯ ಯಂತ್ರದಿಂದ ಕಿತ್ತ ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ, ಹೊಸ ಅಕ್ಷರ ಮೂಡಿಸಿ ಮಾರುವ ದಲ್ಲಾಳಿಗಳೂ ಏಳುತ್ತಾರೆ. ನಮ್ಮಲ್ಲಿಯೂ ಹಾಗೇ ಅಲ್ಲವೇ? ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿರುವ ಇಳಕಲ್ ಸೀರೆಯ ಹೆಸರಿನಲ್ಲಿಯೇ ಪವರ್‌ಲೂಮಿನ ಸೀರೆ ಮಾರುತ್ತಾರೆ. ಬಲ್ಲವರು ಸೆರಗು ತಿರುವಿ ನೋಡುತ್ತಾರೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ರೋಬೋಟಿನ ಕಂಪನಿಯಲ್ಲೂ ಬಂದ ಮಾಲನ್ನು ಹೀಗೆ ತಿರುವಿ ನೋಡುವ ಕಣ್ಣು ಬೇಕು.

ಒಂದು ಸಾಮಾನು ತಪ್ಪಿದರೆ

ಕೊಂಡಿಯ ಮಾತು ಬಂತಲ್ಲ, ಸಾಮಾನಿನ ಈ ದಾರಿಗೂ 'ಸರಪಳಿ' ಎಂದೇ ಹೆಸರು. ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳು ಎಷ್ಟು ಗಟ್ಟಿಯಿದ್ದರೇನು?

1997ರ ಫೆಬ್ರವರಿ 1ರಂದು ಜಪಾನಿನಲ್ಲಿ ಐಸಿನ್ ಎಂಬ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ವಾಲ್ವು ತಯಾರಾಗುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು, ಬೆಲೆಯೂ ಅಲ್ಪ. ಆದರೆ ಟೊಯೋಟಾ ಅದನ್ನು ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಕೊಳ್ಳುತ್ತಿತ್ತು. ಕೂಡಿಟ್ಟದ್ದು ಬಹಳ ಸ್ವಲ್ಪ. ಎರಡು ಮೂರು ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ಹೆಚ್ಚಿನವು ನಿಂತವು. ಆಮೇಲೆ ಆದದ್ದು ಕೇಳಿ. ಹತ್ತಾರು ಕಂಪನಿಗಳು ನಕ್ಷೆ ಪಡೆದು ತಮ್ಮ ತಮ್ಮ ಯಂತ್ರಗಳಲ್ಲಿ ಆ ವಾಲ್ವು ಮಾಡತೊಡಗಿದವು. ನಮಗೆಲ್ಲ ಹೊಲಿಗೆ ಯಂತ್ರದಿಂದ ಪರಿಚಯವಾದ ಬ್ರದರ್ ಕಂಪನಿಯೂ ಅವುಗಳಲ್ಲಿ ಒಂದು. ಸುಮಾರು ಒಂದು ವಾರದಲ್ಲಿ ಕಾರುಗಳು ಮತ್ತೆ ಹೊರಬರತೊಡಗಿದವು. ಇದರಲ್ಲಿ ಎರಡು ಪಾಠವಿದೆ. ಒಬ್ಬನನ್ನೇ ನಂಬಿ ಕೂಡಬಾರದು ಎಂಬುದೊಂದು. ಒಳ್ಳೆಯ ದಿನಗಳಲ್ಲಿ ಸಂಬಂಧ ನೆಟ್ಟಗೆ ಇಟ್ಟುಕೊಂಡವರಿಗೆ ಕೆಟ್ಟ ದಿನ ಹತ್ತು ಕೈ ಕೂಡುತ್ತವೆ ಎಂಬುದಿನ್ನೊಂದು. ನಾವು ನೆರೆಮನೆಗೆ ಒಂದು ಬಟ್ಟಲು ಸಕ್ಕರೆ ಕೊಟ್ಟು ತರುವುದು ಇದೇ ತಾನೇ?

2021 ಅಂತೂ ಬರಗಾಲದಲ್ಲಿ ಅಧಿಕಮಾಸ ಬಂದ ಹಾಗೆ. ಕೊರೋನಾದಿಂದ ಮೊದಲೇ ಚಿಪ್ಪಿನ ಕೊರತೆ. ಮಾರ್ಚ್ 19ರಂದು ಜಪಾನಿನಲ್ಲಿ ರೆನೆಸಾಸ್ ಕಂಪನಿಯ ಚಿಪ್ಪಿನ ಕಾರ್ಖಾನೆಗೆ ಬೆಂಕಿ. ನಾಲ್ಕು ದಿನ ಕಳೆದು ಮಾರ್ಚ್ 23ಕ್ಕೆ 'ಎವರ್ ಗಿವನ್' ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿತು. ಆರು ದಿನ ಆ ದಾರಿಯೇ ಬಂದ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರುತಿಯಂಥ ಕಂಪನಿಯೇ ಚಿಪ್ಪಿಲ್ಲದೆ ಎಂದಿನ ನೂರಕ್ಕೆ 40ರಷ್ಟು ಮಾತ್ರ ಕಾರು ತಯಾರಿಸಬಹುದೆಂದು ಹೇಳಬೇಕಾಯಿತು. ಕಾರಿಗೇ ಹೀಗಾದರೆ ಸಣ್ಣ ರೋಬೋಟು ಕಂಪನಿಯ ಪಾಡು ಏನು?

"ಆ ವರ್ಷ ಹೆಂಗ ದಾಟಿದಿ ಯವ್ವಾ?" ಎಂದು ಕೇಳಿದೆ. ಅವರಲ್ಲಿ ಮೋಟಾರು ಬಂದಿತ್ತಂತೆ, ಗೇರು ಬಂದಿತ್ತಂತೆ, ಮೈಯ ಭಾಗಗಳೆಲ್ಲ ಬಣ್ಣ ಹಚ್ಚಿಸಿಕೊಂಡು ಬಂದು ಕೂತಿದ್ದವು. ಶೇಂಗಾ ಬೀಜದಷ್ಟೂ ಇಲ್ಲದ ಒಂದು ಚಿಪ್ಪು ಬರಲಿಲ್ಲ. ಒಂದು ವರ್ಷ ಆಗುತ್ತದೆ ಎಂದು ಮಾರುವವರು ಕೈ ಎತ್ತಿದರು. ಸಾಲ ತಂದು ಕೊಂಡ ಸಾಮಾನೆಲ್ಲ ಸುಮ್ಮನೆ ಕೂತಿತು. ಸಂಬಳಕ್ಕೇ ಕಷ್ಟವಾಗುವ ಹೊತ್ತು. ಆಗ ಅವಳು ಬೇರೆ ಬೇರೆ ಕಂಪನಿಗಳ ಚಿಪ್ಪುಗಳ ವಿವರವನ್ನು ಸಾಲುಸಾಲಾಗಿ ಓದಿ, ಅದೇ ಕೆಲಸ ಮಾಡಬಲ್ಲ ಇನ್ನೊಂದನ್ನು ಆರಿಸಿದಳು. ಹಲಗೆಯ ನಕ್ಷೆ ಮಾಡುವವರ ಜೊತೆ ಕೂತು, ಎಲ್ಲಿ ಏನು ಬದಲಿಸಬೇಕೆಂದು ಗೊತ್ತುಮಾಡಿದರು. ಎರಡು ತಿಂಗಳಿಗೆ ಯಂತ್ರಗಳು ಹೊರಬಿದ್ದವು.

"ಚಿಗವ್ವಾ, ನಾ ಸಾಮಾನ ಕೊಳ್ಳಾಕ ಕುಂತಿಲ್ಲ. ಸಾಮಾನ ತಪ್ಪದಂಗ ನೋಡಾಕ ಕುಂತೀನಿ" ಎಂದಳು. ಈ ಮಾತನ್ನು ಬಾದಾಮಿಯ ಮನೆಯ ಹಿರಿಯರಿಗೆ ಹಾಗೇ ಓದಿ ಹೇಳಬೇಕು.

ಇತ್ತೀಚಿನದೂ ಒಂದಿದೆ. 2025ರ ಏಪ್ರಿಲ್ 4ರಂದು ಚೀನಾ ಏಳು ಬಗೆಯ ಅಪರೂಪದ ಲೋಹಗಳನ್ನೂ ಅವು ಸೇರಿದ ಆಯಸ್ಕಾಂತಗಳನ್ನೂ ಪರವಾನಗಿಯಿಲ್ಲದೆ ಹೊರದೇಶಕ್ಕೆ ಕಳಿಸಬಾರದೆಂದು ನಿಯಮ ಮಾಡಿತು. ಮೋಟಾರು ಕಾದಾಗಲೂ ಆಯಸ್ಕಾಂತದ ಬಲ ಕುಂದದಂತೆ ನೋಡುವ ಡಿಸ್ಪ್ರೋಸಿಯಂ ಎಂಬ ಲೋಹವೂ ಅದರಲ್ಲಿ ಸೇರಿತ್ತು. ಕರದಂಟಿಗೆ ಉತ್ತತ್ತಿ ಹೇಗೋ ಮೋಟಾರಿಗೆ ಇದು ಹಾಗೆ. ನಮ್ಮ ದೇಶದ ವಿದ್ಯುತ್ ವಾಹನದ ಕಂಪನಿಗಳೂ ಆಗ ಕಂಗೆಟ್ಟವು.

ಬದಲಿ ಬಲ್ಲವಳೇ ಜಾಣೆ

ಹಾಗಾದರೆ ಇದಕ್ಕೆ ಇಂಜಿನಿಯರೇ ಏಕೆ ಬೇಕು, ಲೆಕ್ಕ ಬಲ್ಲ ಗುಮಾಸ್ತ ಸಾಲದೇ ಎಂದು ಕೇಳಬಹುದು. ಸಾಲದು. ಕರದಂಟಿಗೆ ಗೋಡಂಬಿ ಸಿಗದಿದ್ದರೆ ಒಂದು ಹಿಡಿ ಬಾದಾಮಿ ಹೆಚ್ಚಿಗೆ ಹಾಕಿ ನಡೆಸಬಹುದು. ಉತ್ತತ್ತಿ ತುಟ್ಟಿಯಾದರೆ ಕೊಬ್ಬರಿ ಸ್ವಲ್ಪ ಮುಂದೆ ಮಾಡಬಹುದು. ಆದರೆ ಅಂಟೇ ಇಲ್ಲದಿದ್ದರೆ ಅದು ಕರದಂಟೇ ಅಲ್ಲ. ಬೆಲ್ಲದ ಪಾಕ ತಪ್ಪಿದರೆ ಉಳಿದದ್ದೆಲ್ಲ ಇದ್ದೂ ದಂಡ. ಯಾವುದರ ಬದಲಿಗೆ ಯಾವುದು ನಡೆಯುತ್ತದೆ, ಯಾವುದಕ್ಕೆ ಬದಲಿಯೇ ಇಲ್ಲ ಎಂಬುದು ಗೊತ್ತಾಗಬೇಕಾದರೆ ಅಡಿಗೆ ಬರಬೇಕು, ಬರೀ ಸಂತೆ ಬಂದರೆ ಸಾಲದು. ರೋಬೋಟಿನಲ್ಲೂ ಈ ಬೇರಿಂಗಿನ ಬದಲು ಆ ಬೇರಿಂಗು ತಡೆದೀತೇ, ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಇದ್ದರೆ ನಡೆದೀತೇ ಎಂದು ನಕ್ಷೆ ಓದಿ ಹೇಳುವವಳು ಬೇಕು.

ಅಗ್ಗಕ್ಕೆ ತರುವವಳೇ ಜಾಣೆ ಎಂದು ನಾವು ತಿಳಿದಿದ್ದೇವೆ. ಅವಳ ಲೆಕ್ಕ ಬೇರೆ. ಹತ್ತು ರೂಪಾಯಿ ಉಳಿಸಲು ಹೋಗಿ ಹತ್ತು ಲಕ್ಷದ ಯಂತ್ರ ನಿಲ್ಲಿಸಿದರೆ ಅದು ಉಳಿತಾಯವೇ? ಹಾಗೆಂದು ಎಲ್ಲವನ್ನೂ ಗುಡ್ಡೆ ಹಾಕಿಡುವುದೂ ಜಾಣತನವಲ್ಲ. ಕಣಜ ತುಂಬ ಜೋಳ ಇಟ್ಟು ಹುಳಕ್ಕೆ ಉಣಿಸಿದ ಹಾಗಾಗುತ್ತದೆ. ದುಡ್ಡು ಅದರಲ್ಲಿ ಸಿಕ್ಕಿಕೊಳ್ಳುತ್ತದೆ; ನಾಳೆ ನಕ್ಷೆ ಬದಲಾದರೆ ಆ ಸಾಮಾನು ಕಸ.

ಅವಳು ಸಾಮಾನನ್ನು ಮೂರು ಗುಂಪು ಮಾಡುತ್ತಾಳೆ. ನಾನು ಅವಕ್ಕೆ ನಮ್ಮ ಹೆಸರು ಇಟ್ಟಿದ್ದೇನೆ. ಉಪ್ಪಿನ ಗುಂಪು: ಬೆಲೆ ಕಡಿಮೆ, ಬದಲಿ ಇಲ್ಲ, ಇಲ್ಲದಿದ್ದರೆ ಒಲೆಯೇ ಹಚ್ಚುವಂತಿಲ್ಲ, ಇದನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಕೊತ್ತಂಬರಿಯ ಗುಂಪು: ಓಣಿಯ ತುದಿಯಲ್ಲಿ ದಿನಾ ಸಿಗುತ್ತದೆ, ಬೇಕಾದಾಗ ಬೇಕಾದಷ್ಟೇ ತನ್ನಿ. ಕೇಸರಿಯ ಗುಂಪು: ಬೆಲೆ ಹೆಚ್ಚು, ಸಿಗುವುದು ಅಪರೂಪ, ನಕಲಿ ಹೆಚ್ಚು, ಇದನ್ನು ಎಣಿಸಿ ಇಡಿ, ಎರಡು ಅಂಗಡಿ ಗುರುತು ಮಾಡಿಕೊಳ್ಳಿ, ಮುಗಿಯುವ ಮೊದಲೇ ಹೇಳಿ. ಗೇರು, ಚಿಪ್ಪು, ಆಯಸ್ಕಾಂತ ಎಲ್ಲ ಈ ಕೇಸರಿಯ ಗುಂಪಿನವು. ನಿಮ್ಮ ಮನೆಯ ತಿಂಗಳ ಯಾದಿಯನ್ನು ಒಮ್ಮೆ ಹೀಗೆ ಮೂರು ಪಾಲು ಮಾಡಿ ನೋಡಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಅವರ ದಿನದ ಮಾತ್ರೆಯನ್ನು ಉಪ್ಪಿನ ಗುಂಪಿಗೆ ಸೇರಿಸಿ. ಮುಗಿಯಲು ವಾರವಿರುವಾಗಲೇ ತರಿಸಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದದ್ದು ನೆನಪಿದೆಯಲ್ಲ? ದಾರಿ ಮುಚ್ಚಿದ ದಿನ ಇಂಥ ಒಂದು ವಾರದ ಗಂಟೇ ಕೈ ಹಿಡಿಯುವುದು.

ಬಾದಾಮಿಯ ಸೋದರಿಗೆ

ಅಕ್ಕಾ, ನನ್ನ ಮಾತು ಇಷ್ಟು: ಮಗಳಿಗೆ ಮನಸ್ಸಿದ್ದರೆ ಕಳಿಸಿರಿ. ಬಾಗಲಕೋಟೆಯಲ್ಲಿ 1963ರಿಂದ ಇಂಜಿನಿಯರಿಂಗ್ ಕಾಲೇಜು ಇದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಓದಿ ಹೊರಬೀಳುತ್ತಿದ್ದಾರೆ. ಓದಿದ್ದು ಈ ಕೆಲಸದಲ್ಲಿ ವ್ಯರ್ಥವಾಗುವುದಿಲ್ಲ, ಬದಲಿಗೆ ಓದಿನ ಜೊತೆಗೆ ನಮ್ಮಂಥವರ ಮನೆಯಲ್ಲಿ ಕಲಿತ ಎಚ್ಚರವೂ ಉಪಯೋಗಕ್ಕೆ ಬರುತ್ತದೆ. ಆದರೆ ಸಿಹಿಯನ್ನಷ್ಟೇ ಹೇಳಿದರೆ ಸರಿಯಾಗದು, ಕಹಿಯೂ ಇದೆ.

ಜಪಾನಿನಲ್ಲಿ ನಮಗಿಂತ ಮೂರೂವರೆ ಗಂಟೆ ಮೊದಲೇ ಹೊತ್ತು ಹುಟ್ಟುತ್ತದೆ, ಚೀನಾ ತೈವಾನುಗಳಲ್ಲಿ ಎರಡೂವರೆ ಗಂಟೆ ಮೊದಲು. ಆದ್ದರಿಂದ ಬೆಳಗಿನ ಚಹಾಕ್ಕೆ ಮುಂಚೆಯೇ ಫೋನು ಬರುತ್ತದೆ. ಮಾಲು ನೋಡಲು ಊರೂರಿನ ವರ್ಕ್‌ಶಾಪುಗಳಿಗೆ ಹೋಗಬೇಕಾಗುತ್ತದೆ. ಸಾಮಾನು ಬಂದ ದಿನ ಹೊಗಳುವವರಿಲ್ಲ, ಬಾರದ ದಿನ ಎಲ್ಲರ ಬೆರಳೂ ಇವಳ ಕಡೆಗೇ. ಇದನ್ನಂತೂ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪು ಸರಿಯಿದ್ದ ದಿನ ಯಾರಾದರೂ ಮಾತಾಡುತ್ತಾರೆಯೇ? ಇನ್ನೊಂದು ಮುಖ್ಯ ಮಾತು. ಕೊಳ್ಳುವ ಕುರ್ಚಿಯ ಮೇಲೆ ಕೂತವರಿಗೆ ದೀಪಾವಳಿಯ ಡಬ್ಬಿ ಬರುತ್ತದೆ, ಡಬ್ಬಿಯ ತಳದಲ್ಲಿ ಲಕೋಟೆಯೂ ಇರುತ್ತದೆ. ಅದನ್ನು ಮೊದಲ ದಿನವೇ ತಿರುಗಿ ಕಳಿಸಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಮಗಳಿಗೆ ಹೇಳಿ ಕಳಿಸಿರಿ.

ಸೇರುವ ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಳ್ಳಲಿ. ನೇಮಕದ ಪತ್ರ ಕೈಗೆ ಬಂತೇ? ಭವಿಷ್ಯನಿಧಿ ಇದೆಯೇ? ಸಣ್ಣ ಕಂಪನಿಯಾದ್ದರಿಂದ ಸಂಬಳ ತಪ್ಪದೆ ಬರುತ್ತಿದೆಯೇ ಎಂದು ಅಲ್ಲಿ ಈಗಾಗಲೇ ಇರುವ ಹುಡುಗಿಯರನ್ನು ಕೇಳಲಿ. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಹೆಣ್ಣುಮಕ್ಕಳ ದೂರು ಕೇಳಲು ಒಂದು ಸಮಿತಿ ಇರಲೇಬೇಕೆಂದು 2013ರ ಕಾನೂನು ಇದೆ. ಆ ಸಮಿತಿ ಇದೆಯೇ ಎಂದು ಕೇಳಲು ನಾಚಿಕೆ ಬೇಡ. ಹೊರ ಊರಿಗೆ ಮಾಲು ನೋಡಲು ಕಳಿಸಿದರೆ ಇಳಿದುಕೊಳ್ಳುವ ವ್ಯವಸ್ಥೆ ಯಾರದು ಎಂದೂ ಕೇಳಲಿ.

ಮದುವೆಯ ಮಾತಿನವರಿಗೆ "ಏನೋ ಆಫೀಸಿನ ಕೆಲಸ" ಎಂದು ಮುಚ್ಚಿಡಬೇಡಿ. ಇಂಥ ಕೆಲಸ, ಹೀಗೆ ಬೆಳಗಿನ ಫೋನು, ಹೀಗೆ ತಿರುಗಾಟ ಎಂದು ಈಗಲೇ ಬಿಚ್ಚಿ ಹೇಳಿರಿ. ಒಪ್ಪುವವರು ತಿಳಿದು ಒಪ್ಪಲಿ. ಒಪ್ಪದವರು ಮದುವೆಯ ಮೊದಲೇ ಗೊತ್ತಾದರೆ ಅದೂ ಒಂದು ಲಾಭವೇ.

ಸರಪಳಿಯ ತುದಿಯಲ್ಲಿರುವವರಿಗೆ

ಕೊಳ್ಳುವವರ ಮಾತಾಯಿತು. ಮಾರುವವರು ನಮ್ಮಲ್ಲಿ ಬಹಳ ಜನ. ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರಿದ್ದೀರಿ, ಚಟ್ನಿಪುಡಿ ಮಾಡಿ ಅಂಗಡಿಗೆ ಹಾಕುವವರಿದ್ದೀರಿ, ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯ್ದು ಕೊಡುವವರಿದ್ದೀರಿ. ಇಳಕಲ್ಲಿನ ನನ್ನ ಗೆಳತಿಯೊಬ್ಬಳು ಹೇಳಿದಳು: ನೂಲಿನವನಿಗೆ ರೊಕ್ಕ ಕೈಯಿಂದ ಕೈಗೆ ಕೊಡಬೇಕು, ಸೀರೆ ಒಯ್ದ ಅಂಗಡಿಯವರು ಮಾತ್ರ "ಮುಂದಿನ ಹುಣ್ಣಿಮಿಗೆ ನೋಡೋಣ" ಎಂದು ನಾಲ್ಕು ಹುಣ್ಣಿಮೆ ದಾಟಿಸುತ್ತಾರೆ. ರೇಷ್ಮೆಯ ಬೆಲೆ ಏರಿದಾಗ ಅವಳ ಮಗ್ಗ ನಿಲ್ಲುವುದು ನೇಯಲು ಬಾರದೆ ಅಲ್ಲ, ಬರಬೇಕಾದ ರೊಕ್ಕ ಬಾರದೆ. ಕಂಡಿಕೆ ಸುತ್ತಿದ ಹೆಣ್ಣುಮಕ್ಕಳ ಕೂಲಿ ಯಾವ ಲೆಕ್ಕಕ್ಕೂ ಬರದೆ ಹೋಗುವುದೂ ಆಗಲೇ.

ದೊಡ್ಡ ಕಂಪನಿಗಳಿಗೂ ಇದೇ ಚಾಳಿ ಉಂಟು ಎಂದು ನಮ್ಮ ಹುಡುಗಿ ಒಪ್ಪಿದಳು. ತಾನು ಮಾತ್ರ ಸಣ್ಣ ವರ್ಕ್‌ಶಾಪಿನವರ ಬಿಲ್ಲು ಮೊದಲು ಕಳಿಸುತ್ತಾಳಂತೆ. "ಅವರು ಮುಚ್ಚಿದ್ರ ನಮ್ಮ ಕೊಂಡೀನ ಕಳಚ್ತೈತಿ ಚಿಗವ್ವಾ, ಇದರಾಗ ಉಪಕಾರ ಏನೂ ಇಲ್ಲ" ಎಂದಳು. ಅವಳು ಹೇಳಿದ ಒಂದು ಕಾನೂನನ್ನು ನೀವೂ ಬರೆದಿಟ್ಟುಕೊಳ್ಳಿ. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಬಂದ ಕಾನೂನಿನ ಪ್ರಕಾರ, ಮಾಲು ಒಪ್ಪಿಕೊಂಡ ವ್ಯಾಪಾರಿ ಬರಹದಲ್ಲಿ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು; ತಡವಾದರೆ ಬಡ್ಡಿ ಸಹಿತ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ: ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕೊಡುವ ತನಕ ವ್ಯಾಪಾರಿ ತನ್ನ ಖರ್ಚಿನಲ್ಲಿ ತೋರಿಸುವಂತಿಲ್ಲ. ಇದರ ಆಸರೆ ಬೇಕೆಂದರೆ ತಮ್ಮ ಸ್ವಂತ ಸಾಮಾನು ಹಾಕಿ ತಯಾರಿಸಿ ಮಾರುವವರು 'ಉದ್ಯಮ್' ನೋಂದಣಿ ಮಾಡಿಸಿಕೊಂಡಿರಬೇಕು. ಅದಕ್ಕೆ ಸರ್ಕಾರದ ಶುಲ್ಕವಿಲ್ಲ, ಆಧಾರ್ ಬೇಕು. ಮಾಲು ಕೊಟ್ಟ ದಿನವೇ ತಾರೀಖು ಹಾಕಿದ ಚೀಟಿಗೆ ಸಹಿ ತೆಗೆದುಕೊಳ್ಳಿ. ಬಾಯಿಮಾತಿನ ಲೆಕ್ಕಕ್ಕೆ ಕಾನೂನು ಕಣ್ಣು ತೆರೆಯುವುದಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಬಾಕಿ ವಸೂಲಿ ಮಾಡಿದ ಅನುಭವವಿದ್ದರೆ ಬರೆದು ಕಳಿಸಿ. ಉಳಿದ ಸೋದರಿಯರಿಗೆ ದಾರಿಯಾದೀತು. ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿರುವಂತೆ, ಜೋಳ ಮತ್ತು ಕಡಲೆಯನ್ನು ಹುಳ ಹಿಡಿಯದಂತೆ ವರ್ಷವಿಡೀ ಕಾಪಾಡುವ ಬಗೆಯನ್ನು ಬರೆಯುತ್ತೇನೆ.